ಬಣ್ಣದ ಬ್ರ್ಯಾಕೆಟ್ಟುಗಳು

ಮೊನ್ನೆ ಮುಂಬಯಿ ಹತ್ತಿರದ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸುವಾಗ ಪಕ್ಕದ ಹೆಂಗಸು ಹಣೆಗೆ ತಲೆನೋವಿನ ಬಾಮ್ ತಿಕ್ಕಿಕೊಂಡಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಡೊಂಬಿವಲಿಯ ಅಕ್ಕ ನೆನಪಾದರು. ಅವರೂ ಹೀಗೆಯೇ ಹಚ್ಚುತ್ತಿದ್ದರು... ನೆನಪಿನ ಜೊತೆ ಸಿಟ್ಟೂ ಬಂತು.

ಎರಡು ಸಾವಿರದ ಎಂಟು-ಒಂಬತ್ತರ ಸುಮಾರಿಗೆ ಐರೋಲಿಯ ಸಾಫ್ಟ್‌ವೇರ್ ಆಫೀಸಿನಲ್ಲಿ ಅವರು ನನ್ನ ಸೀನಿಯರ್, ಉಡುಪಿ ಕಡೆಯವರು. ನಾನು ಗದಗಿನವಳು, ಕಲ್ಯಾಣದಲ್ಲಿ ಮನೆ. ದಿನಾ ಒಂದೇ ಲೇಡೀಸ್ ಡಬ್ಬಿಯಲ್ಲಿ ಹೋಗಿ ಬಂದು ಅಕ್ಕ-ತಂಗಿಯರಾಗಿದ್ದೆವು.

ಕಂಪ್ಯೂಟರಿನಲ್ಲಿ ಕೋಡ್ ಬರೆಯುವ ಎಡಿಟರ್‌ಗೆ ಪ್ಲಗಿನ್ ಎಂಬ ಸಣ್ಣ ಸಣ್ಣ ಜೋಡಣೆಗಳನ್ನು ಹುಡುಕುವುದು ಅವರಿಗೊಂದು ಗೀಳು. ಒಂದು ಪ್ಲಗಿನ್ ಪರದೆಯನ್ನು ಕಪ್ಪಗೆ ಮಾಡಬೇಕು, ಇನ್ನೊಂದು ಬ್ರ್ಯಾಕೆಟ್ಟುಗಳಿಗೆ ಜೋಡಿ ಜೋಡಿಯಾಗಿ ಬಣ್ಣ ಬಳಿಯಬೇಕು, ಮತ್ತೊಂದು ತಪ್ಪಿದ ಕಡೆ ದಪ್ಪ ಗುರುತು ಹಾಕಬೇಕು. ಒಟ್ಟಿಗೆ ಹಾಕಿದರೆ ಎಡಿಟರ್ ಹ್ಯಾಂಗ್! ಒಂದನ್ನು ತೆಗೆದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ನಮ್ಮ ಊಟದ ಹೊತ್ತೆಲ್ಲ ಅದಕ್ಕೇ ಸುರಿಯುತ್ತಿತ್ತು.

"ಇದೇನ್ ಹುಚ್ಚ್ರೀ ಅಕ್ಕಾ?" ಎಂದು ಒಮ್ಮೆ ರೇಗಿಬಿಟ್ಟೆ.

ಅವರು ಸುತ್ತ ನೋಡಿ ಮೆಲ್ಲಗೆ, "ಸಕ್ಕರೆ ಕಾಯಿಲೆ ಕಣ್ಣಿಗೆ ಬಂದಿದೆ ಮಾರಾಯ್ತಿ. ಇದೆಲ್ಲ ಇಲ್ಲದಿದ್ರೆ ನಂಗೆ ಕೋಡ್ ಕಾಣುದೇ ಇಲ್ಲ" ಎಂದರು.

ಆಮೇಲೆ ನಾನೇ ಕುಳಿತು, ಹಾಕಿ, ಕಿತ್ತು, ತಲೆ ಚಚ್ಚಿಕೊಂಡು, ಕೊನೆಗೂ ಒಂದಕ್ಕೊಂದು ಜಗಳವಾಡದ ಪ್ಲಗಿನ್‌ಗಳನ್ನು ಆರಿಸಿಕೊಟ್ಟೆ. ಅಕ್ಕನ ಕೆಲಸ ಮತ್ತೆ ಸರಾಗವಾಯಿತು.

ಅಷ್ಟರಲ್ಲಿ ಹೊಸ ಮ್ಯಾನೇಜರ್ ಬಂದ. ಎಲ್ಲರ ಎಡಿಟರ್ ಒಂದೇ ಥರ ಇರಬೇಕಂತೆ! ಹೊರಗಿನ ಪ್ಲಗಿನ್‌ಗಳನ್ನೆಲ್ಲ ಅಳಿಸಿ ಹಾಕಿಸಿದ.

"ಕಣ್ಣಿನ ತ್ರಾಸ ಐತಿ ಅಂತ ಒಂದ್ ಮಾತು ಹೇಳ್ರಿ, ಬಿಡ್ತಾನ" ಎಂದು ಗೋಗರೆದೆ.

"ಕಣ್ಣಿನ ಸುದ್ದಿ ಎತ್ತಿದ್ರೆ ನಾಳೆ ನನ್ನ ಕುರ್ಚಿಯೇ ಇರ್ಲಿಕ್ಕಿಲ್ಲ. ನೀನೂ ಬಾಯಿ ಬಿಡ್ಬಾರ್ದು, ನನ್ನಾಣೆ."

ಹೋಗಿ ಅವನಿಗೆ ಏನೆಂದರು ಗೊತ್ತೇ? ಬಣ್ಣ ಇದ್ದರೆ ಚಂದ ಕಾಣುತ್ತದೆ, ಅಭ್ಯಾಸವಾಗಿಬಿಟ್ಟಿದೆ ಎಂದರು! ರಂಗೋಲಿಯನ್ನು ಮನೆಯಲ್ಲಿಟ್ಟುಕೊಳ್ಳಿ ಎಂದು ಅವನು ನಕ್ಕ. "ಮೇಡಮ್, ರಂಗೋಲಿ ಘರ್ ಪೇ." ಆಣೆಗೆ ಕಟ್ಟುಬಿದ್ದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಅವನ ಮೇಲೆ ಬಂದಷ್ಟೇ ಕೋಪ ಅಕ್ಕನ ಮೇಲೂ ಬಂತು.

ಪರದೆಗೆ ಮೂಗು ತಾಗಿಸಿ ಕುಳಿತರೂ ತಪ್ಪುಗಳು ಹೆಚ್ಚಿದವು. ತಿಂಗಳೊಪ್ಪತ್ತಿನಲ್ಲಿ ರಾಜೀನಾಮೆ. ಮಗಳ ಹತ್ತನೇ ಕ್ಲಾಸು ಎಂದು ನೆಪ ಹೇಳಿದರು, ಆಫೀಸು ಕೇಕ್ ಕತ್ತರಿಸಿ ಕಳಿಸಿತು. ಮತ್ತೆ ಅವರು ಕೋಡ್ ಬರೆಯಲೇ ಇಲ್ಲ. ಹೋದ ವರ್ಷ ತೀರಿಕೊಂಡರು...

ನಿನ್ನೆ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ, ಮೊದಲ ದಿನವೇ, ಎಲ್ಲರೆದುರು, "ಮೇರೇಕೋ ಬರಾಬರ್ ದಿಖ್ತಾ ನಹೀ, ಮೇರಾ ಪ್ಲಗಿನ್ ಲಗೇಗಾ" ಎಂದಳು; ತನಗೆ ಕಣ್ಣು ಸರಿಯಾಗಿ ಕಾಣದು, ತನ್ನ ಪ್ಲಗಿನ್ ಬೇಕೇ ಬೇಕು ಎಂದು. ಚಹಾ ಬರುವುದರೊಳಗೆ ಹಾಕಿಕೊಟ್ಟರು. ಯಾರೂ ತಲೆಯೆತ್ತಿ ಕೂಡ ನೋಡಲಿಲ್ಲ. ನನಗೆ ಮಾತ್ರ ಕುಳಿತಲ್ಲಿ ಕೂರಲಾಗಲಿಲ್ಲ, ಎದ್ದು ಹೊರಗೆ ಹೋಗಿ ಅತ್ತುಬಿಟ್ಟೆ.

ಆಗ ನೀವು ಹೇಳಿದ್ದರೆ ಆ ಕುರ್ಚಿ ಉಳಿಯುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು? ಹೇಗೂ ಹೋಯಿತಲ್ಲ ಅಕ್ಕಾ... ಹೇಳಿಯಾದರೂ ಕಳೆದುಕೊಳ್ಳಬಾರದಿತ್ತೇ?