ಸ್ಲ್ಯಾಬಿನ ಮೇಲಿನ ಮಣ್ಣು

ಸ್ಲ್ಯಾಬ್ ಹಾಕಿದ ಹನ್ನೊಂದನೆಯ ದಿನ ನಾನು ಸುಳ್ಳು ಹೇಳಿ ಅದರ ಕೆಳಗಿನ ಆಸರೆಯ ಕಂಬಗಳನ್ನು ತೆಗೆಸಿದೆ. ಇಪ್ಪತ್ತೊಂದು ದಿನ ಮುಟ್ಟಬಾರದು ಎಂದು ಮೇಸ್ತ್ರಿ ಹೇಳಿ ಹೋಗಿದ್ದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದೆಲ್ಲ ನನ್ನ ಅತ್ತೆಯ ಪೆದ್ದುತನದ ಕಥೆಯಾಗಿ ಕಾಣುತ್ತದೆ. ನಮ್ಮ ಓಣಿಯವರಿಗೆ ಇಷ್ಟು ವರ್ಷ ಅದು ಹಾಗೆಯೇ ಕಂಡಿದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕೋಟೆಯ ಸುತ್ತಲಿನ ಊರು ಸಾಲದೆ ರಾಯಚೂರು ಹೊಲಗಳಿಗೆ ನುಗ್ಗಿತ್ತು. ಜೋಳದ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಬಡಾವಣೆ ಎಂದರು, ನಾವೂ ಹೌದೆಂದು ನಂಬಿದೆವು. ರಸ್ತೆ ಇಲ್ಲ, ನಲ್ಲಿ ಇಲ್ಲ, ಲೈಟು ಇಲ್ಲ. ಆದರೆ ಹನ್ನೆರಡು ಮನೆ ಒಮ್ಮೆಗೇ ಏಳುತ್ತಿದ್ದವು, ಅಷ್ಟಕ್ಕೂ ಸ್ಲ್ಯಾಬಿಗೆ ಆಸರೆ ಕೊಡುವ ಸೆಂಟ್ರಿಂಗ್ ಸಾಮಾನು ಒಬ್ಬನದೇ. ಕೃಷ್ಣೆಯ ದಂಡೆಯಲ್ಲಿ ವಿದ್ಯುತ್ ಸ್ಥಾವರದ ಕೆಲಸ ನಡೆದಿದ್ದರಿಂದ ಊರಿನ ಕಂಬ, ಹಲಗೆ, ಬಡಗಿಗಳೆಲ್ಲ ಆ ಕಡೆ ಹೋಗಿದ್ದವು. ಒಂದು ಮನೆಯ ಸ್ಲ್ಯಾಬಿನ ಕೆಳಗಿಂದ ಕಂಬ ಬಿಡಿಸಿದರೆ ಮಾತ್ರ ಇನ್ನೊಂದು ಮನೆಗೆ ಸ್ಲ್ಯಾಬು ಬೀಳಬೇಕು. ಸೆಂಟ್ರಿಂಗಿನವನು ದಿನಾ ಬಂದು ನಿಲ್ಲುತ್ತಿದ್ದ.

"ಬಾಯಾರ, ಮ್ಯಾಲಿನ ಸಾಲಿನವ್ರು ಕಾಯಾಕತ್ತಾರ. ಯಾವಾಗ ಬಿಡ್ತೀರಿ?"

ನಾನು ಅವನಿಗಿಂತ ಹೆಚ್ಚು ಕಾಯುತ್ತಿದ್ದೆ. ದೇವದುರ್ಗದ ಶಾಲೆಯಿಂದ ನನಗೆ ರಾಯಚೂರಿಗೆ ವರ್ಗವಾಗಿತ್ತು. ಜೂನಿನಲ್ಲಿ ಶಾಲೆ ತೆರೆಯುವ ಮುಂಚೆ ಹೊಸ ಮನೆ ಹೊಕ್ಕೇ ತೀರುವುದೆಂದು ಹಟ ಹಿಡಿದಿದ್ದೆ. ಬಾಡಿಗೆ ಮನೆಯ ಯಜಮಾನಿ ನಾವು ಸೇದುವ ಕೊಡಗಳನ್ನು ಲೆಕ್ಕ ಹಾಕುತ್ತ ಬಾವಿ ಕಟ್ಟೆಯ ಮೇಲೇ ಕೂರುತ್ತಿದ್ದಳು. ಕಂಬ ತೆಗೆಯದೆ ಗೋಡೆಗೆ ಗಾರೆಯ ಗಿಲಾವು ಇಲ್ಲ, ಗಿಲಾವು ಆಗದೆ ನೆಲ ಇಲ್ಲ. 'ತಾಳಿದವನು ಬಾಳಿಯಾನು' ಎಂದು ಮಕ್ಕಳಿಂದ ಕಾಪಿ ಬರೆಸುತ್ತಿದ್ದವಳು ನಾನು. ಆ ಗುಣವನ್ನು ದೇವರು ನನಗೆ ಕೊಟ್ಟಿರಲಿಲ್ಲ.

ಮೇಸ್ತ್ರಿ ಮಗಳ ಮದುವೆಗೆಂದು ಗಿಲ್ಲೆಸುಗೂರಿಗೆ ಹೋಗಿದ್ದ. ಹೋಗುವಾಗ ಎರಡು ಸಲ ಹೇಳಿದ್ದ: "ಇಕ್ಕೀಸ್ ದಿನ ಅಂದ್ರ ಇಕ್ಕೀಸ್ ದಿನ ಬಾಯಾರ. ಜಲ್ದಿ ಮಾಡಬ್ಯಾಡ್ರಿ." ಹನ್ನೊಂದನೆಯ ದಿನ ಸೆಂಟ್ರಿಂಗಿನವನಿಗೆ, "ತಗೀರಿ, ಮೇಸ್ತ್ರಿ ಹೇಳಿ ಹೋಗ್ಯಾನ" ಎಂದೆ. ಹತ್ತಿ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡನಿಗೆ ಸಂಜೆ, "ಮೇಸ್ತ್ರಿ ಒಪ್ಪಿದ್ದಾನಂತೆ" ಎಂದೆ. ಯಾರು ಹೇಳಿದರು ಎಂದು ಅವರು ಕೇಳಲಿಲ್ಲ.

ಅತ್ತೆಗೂ ಅದನ್ನೇ ಹೇಳಿದೆ. ಆಕೆ ಪಾಯ ತೋಡಿದಾಗಲೇ ತನ್ನ ಹಳ್ಳಿ ಮಲ್ಲಟದಿಂದ ಬಂದು ತಗಡಿನ ಶೆಡ್ಡಿನಲ್ಲಿ ಸಿಮೆಂಟು ಕಾಯುತ್ತ ಇದ್ದಳು. ಬೆಳಿಗ್ಗೆ ಸಂಜೆ ಸ್ಲ್ಯಾಬಿಗೆ ನೀರು ಕುಡಿಸುವುದು ಆಕೆಯ ಕೆಲಸ. ಮಾವ ತೀರಿಕೊಂಡ ಮೇಲೆ ತನ್ನ ಮೈದುನನ ಮನೆಯಲ್ಲಿದ್ದು, ಅವರ ಕುರಿ ಮೇಯಿಸಿ, ಅವರು ಹಾಕಿದ್ದನ್ನು ಉಂಡವಳು. ಈಗ ತನ್ನ ಪಾಲಿನ ಕುರಿಗಳನ್ನು ಮೈದುನನ ಮಕ್ಕಳಿಗೆ ಒಪ್ಪಿಸಿ, ಇನ್ನು ಮಗನ ಮನೆಯಲ್ಲೇ ಇರುವುದೆಂದು ಬಂದಿದ್ದಳು. ಅಡುಗೆಮನೆಯ ಪಕ್ಕದ ಸಣ್ಣ ಕೋಣೆ ಆಕೆಯದು. ಬಾಗಿಲು ಕೂರಿಸುವ ಮೊದಲೇ ಅಲ್ಲಿ ಕಂಬಳಿ ಹಾಸಿ ಮಲಗಿ ನೋಡಿದ್ದಳು. ಮುದುಕಿಗೆ ಆ ನಾಲ್ಕು ಗೋಡೆಯ ಮೇಲಿದ್ದ ಆಸೆ ಕಂಡು ನಾನು ಒಳಗೊಳಗೇ ನಗುತ್ತಿದ್ದೆ.

ಕಂಬ ಹೋದವು, ಏನೂ ಆಗಲಿಲ್ಲ. ಮೇಲೆ ನೋಡುತ್ತ ನಿಂತು, ಮೇಸ್ತ್ರಿಗಳೆಲ್ಲ ಸುಮ್ಮನೆ ಹೆದರಿಸುತ್ತಾರೆ ಎಂದುಕೊಂಡೆ. ಮತ್ತೆರಡು ದಿನ ಬಿಟ್ಟು, ಶಾಲೆಯ ಕೀಲಿ, ಹಾಜರಿ ಪುಸ್ತಕ ಒಪ್ಪಿಸಲು ದೇವದುರ್ಗಕ್ಕೆ ಹೋದೆ. ಅಲ್ಲಿ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ನನ್ನ ಗಂಡ ಮಿಲ್ಲು ಬಿಟ್ಟು ಹೊಸ ಮನೆಯ ಕಡೆ ಹೋಗಿರಲಿಲ್ಲ.

ತಿರುಗಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಪಡುವಣ ಕಡೆ ಮೋಡ ಕಟ್ಟಿ ಧೂಳೆದ್ದಿತ್ತು. ಮಳೆಗೆ ಮೊದಲು ಸೇರಿಕೊಳ್ಳೋಣವೆಂದು ಬಸ್‌ಸ್ಟ್ಯಾಂಡಿನಿಂದ ನೇರ ಹೊಸ ಮನೆಯ ಕಡೆ ನಡೆದೆ. ತಿರುವಿನಲ್ಲಿ ಕಣ್ಣೆತ್ತಿದರೆ ನನ್ನ ಮನೆಯ ನೆತ್ತಿ ಎತ್ತರವಾದಂತೆ ಕಂಡಿತು. ಎದುರಿನ ಕಟ್ಟಡದಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಕೂಲಿಯವರಲ್ಲಿ ಒಬ್ಬಳು ಕರೆದು ಹೇಳಿದಳು:

"ನಿಮ್ಮತ್ತಿಯಾರು ಚಲೋ ಕೆಲಸ ಮಾಡ್ಯಾರ ನೋಡ್ರಿ. ಮಿರಗ ಕೂಡೂದ್ರಾಗ ಮುಗಿಸಿಬಿಟ್ರು. ನಾವೂ ನಾಕು ಬುಟ್ಟಿ ಹೊತ್ತೀವಿ."

ಏಣಿ ಹತ್ತಿ ನೋಡಿದೆ. ಇಡೀ ಸ್ಲ್ಯಾಬಿನ ಮೇಲೆ ಗೇಣು ದಪ್ಪ ಸವಳು ಮಣ್ಣು, ಚೆನ್ನಾಗಿ ಬಡಿದು ಕೂರಿಸಿದ್ದು. ನಮ್ಮ ಕಡೆ ಮಾಳಿಗೆ ಮನೆಗಳೆಲ್ಲ ಹಾಗೆಯೇ. ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಮಿರಗದ, ಎಂದರೆ ಮೃಗಶಿರದ, ಮಳೆಗೆ ಮೊದಲು ವರ್ಷವೂ ಹೊಸ ಮಣ್ಣು ಹಾಕದಿದ್ದರೆ ಸೋರುತ್ತದೆ. ಅತ್ತೆಯ ಕಣ್ಣಿಗೆ ಮಣ್ಣಿಲ್ಲದ ಮಾಳಿಗೆ ಸೆರಗಿಲ್ಲದ ತಲೆ ಇದ್ದ ಹಾಗೆ. ನೀರು ನಿಲ್ಲಲೆಂದು ಮೇಸ್ತ್ರಿ ಅಂಚಿಗೆ ಮಣ್ಣಿನ ಕಟ್ಟೆ ಕಟ್ಟಿದ್ದ. ಅದನ್ನು ನೋಡಿ, ಮಣ್ಣು ಹಾಕಲು ಶುರುಮಾಡಿ ಅರ್ಧಕ್ಕೆ ಬಿಟ್ಟು ಹೋಗಿದ್ದಾನೆ ಎಂದು ತಿಳಿದು ಆಕೆ ಪೂರ್ತಿ ಮಾಡಿದ್ದಳು. ಹೊತ್ತು ಹಾಕಿದವರೂ ಮಣ್ಣಿನ ಮಾಳಿಗೆಯ ಕೆಳಗೆ ಹುಟ್ಟಿದವರೇ, ಯಾರಿಗೂ ಇದು ತಪ್ಪೆನಿಸಿರಲಿಲ್ಲ. ಆ ಕಟ್ಟೆ ಇನ್ನೂ ಹಾಗೇ ಇತ್ತು, ಮಳೆ ಬಂದರೆ ನೀರು ಹೊರಹೋಗಲು ದಾರಿ ಇರಲಿಲ್ಲ.

ಕೆಳಗಿಳಿದು ಒಳಗೆ ಹೋದೆ. ಪಡಸಾಲೆಯ ಸ್ಲ್ಯಾಬಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು. ಅದರಿಂದ ಸಿಮೆಂಟಿನ ಹುಡಿ ಉದುರುತ್ತಿತ್ತು. ಅದರ ಆಚೆಯ ತನ್ನ ಕೋಣೆಯಲ್ಲಿ ಅತ್ತೆ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದಳು.

"ಅತ್ತಿ, ಹೊರಗ ಬರ್ರಿ."

"ಮಳಿ ಬರಾಕತ್ತದ, ನೀನ ಒಳಗ ಬಾ. ಬಿಸಿ ರೊಟ್ಟಿ ಅದ."

"ಮ್ಯಾಲ ಭಾರ ಭಾಳ ಆಗ್ಯದ್ರಿ. ಬಿದ್ದೀತು."

ಆಕೆ ನಕ್ಕಳು. "ಮಲ್ಲಟದ ಮಾಳಿಗಿ ಮೂರು ತಲಿಮಾರಿನ ಮಣ್ಣು ಹೊತ್ತದ. ಕಟ್ಟಿಗಿ ಜಂತಿ ತಾಳೂದು, ಕಬ್ಬಿಣ ಹಾಕಿದ್ದು ತಾಳಂಗಿಲ್ಲೇನು? ಹಂಗಿದ್ರ ಇದೆಂಥಾ ಮನಿ ಕಟ್ಟಿಸೀರಿ?"

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಹೇಳುವ ಹಾಗಿರಲಿಲ್ಲ. ಇದು ಇನ್ನೂ ಬಲಿಯದ ಸ್ಲ್ಯಾಬು, ಇದರ ಕಂಬ ಕಿತ್ತವಳು ನಾನು ಎನ್ನಬೇಕಿತ್ತು. ಅದೊಂದನ್ನು ಬಿಟ್ಟು ಏನೇನೋ ಹೇಳಿದೆ. ಗಾಳಿ ಜೋರಾಗಿದೆ ಎಂದೆ, ಬಾಡಿಗೆ ಮನೆಗೆ ಹೋಗೋಣ ಎಂದೆ, ಕೊನೆಗೆ ಗದರಿದೆ. ಆಕೆ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಹೊಸ ಮನೆಯಲ್ಲಿ ಹೊತ್ತಿಸಿದ ಮೊದಲ ಒಲೆಯನ್ನು ಮಳೆಗೆ ಹೆದರಿ ಬಿಟ್ಟು ಏಳುವುದೇ ಎಂಬುದು ಆಕೆಯ ವಾದ.

ಮಳೆ ಬಿತ್ತು. ಸಣ್ಣಗೆ ಶುರುವಾಗುವ ಮಳೆಯಲ್ಲ, ಒಮ್ಮೆಗೇ ಸುರಿದ ಮಳೆ. ಬಿರುಕಿನಿಂದ ಉದುರುತ್ತಿದ್ದ ಹುಡಿ ನಿಂತು ಕೆಸರಿನ ಹನಿ ತೊಟ್ಟಿಕ್ಕತೊಡಗಿತು. ಮೇಲಿನ ಮಣ್ಣು ನೀರು ಕುಡಿಯುತ್ತಿದೆ, ಕುಡಿದಷ್ಟೂ ತೂಕವಾಗುತ್ತಿದೆ. ಎಲ್ಲೋ ಟಕ್ ಎಂದು ಸದ್ದಾಯಿತು. ಆಕೆಯ ತೋಳು ಹಿಡಿದು ಎಳೆದೆ. ಕುರಿಗಳ ಹಿಂದೆ ಜೀವನವಿಡೀ ನಡೆದ ಹೆಂಗಸು, ನನ್ನ ಬಲಕ್ಕೆ ಜಗ್ಗಲಿಲ್ಲ.

"ಅತ್ತಿ, ಕಂಬ ತೆಗೀಬಾರದಿತ್ತು," ಎಂದೆ. "ಮೇಸ್ತ್ರಿ ಇಪ್ಪತ್ತೊಂದು ದಿನ ಅಂದಿದ್ದ. ನಾನ ಸುಳ್ಳು ಹೇಳಿ ಹನ್ನೊಂದಕ್ಕ ತೆಗಿಸೀನಿ. ಇದು ಬೀಳತದ."

ಆಕೆ ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ. ಹಂಚು ಇಳಿಸಿ, ಉರಿಯುವ ಕಟ್ಟಿಗೆ ಹೊರಗೆಳೆದು ನೀರು ಚೆಲ್ಲಿ, ಸೀರೆಯನ್ನು ಕಚ್ಚೆ ಹಾಕಿದಳು. ಹೊರಗೆ ಬಂದು ಸಲಿಕೆ ಹಿಡಿದು ಏಣಿ ಹತ್ತಿದಳು.

"ಹಾಕಿದಾಕಿ ನಾ, ತೆಗೀತೀನಿ. ನೀ ನೀರಿಗೆ ದಾರಿ ಮಾಡು."

ನಾನು ಹಿಂದೆಯೇ ಹತ್ತಿದೆ. ಹತ್ತುವಾಗ, ಈಗ ಬಿದ್ದರೆ ಇಬ್ಬರೂ ಹೋಗುತ್ತೇವೆ ಎಂದು ಸ್ಪಷ್ಟವಾಗಿ ಅನಿಸಿತು. ಕೈಯಿಂದಲೇ ಅಂಚಿನ ಕಟ್ಟೆ ಕಿತ್ತೆ, ಕೆಸರು ನೀರು ಧುಮುಕಿತು. ಆಕೆ ನಡುವಿನಿಂದ ಮಣ್ಣು ಬಾಚಿ ಬಾಚಿ ಎಸೆಯುತ್ತಿದ್ದಳು. ನಮ್ಮನ್ನು ಕಂಡು ಎದುರಿನ ಕೂಲಿಯವರು ಓಡಿಬಂದರು. ಯಾಕೆಂದು ಕೇಳದೆ ಬುಟ್ಟಿ ಹಿಡಿದರು. ನಾಲ್ಕು ದಿನ ಮೇಲೇರಿಸಿದ್ದನ್ನು ಅರ್ಧ ಗಂಟೆಯಲ್ಲಿ ಕೆಳಗೆ ಸುರಿದೆವು. ಮಳೆ ನಿಂತಾಗ ಸ್ಲ್ಯಾಬು ನಿಂತಿತ್ತು, ಆದರೆ ಪಡಸಾಲೆಯ ನಡುವೆ ಎರಡು ಬೆರಳಿನಷ್ಟು ಜಗ್ಗಿತ್ತು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಬಂದ. ಮದುವೆಯ ಹೊಸ ಅಂಗಿಯಲ್ಲೇ ಇದ್ದ. ಕರಣೆಯ ಹಿಡಿಯಿಂದ ಸ್ಲ್ಯಾಬಿಗೆ ಕುಟ್ಟುತ್ತ ಕಿವಿಗೊಟ್ಟು ಕೇಳಿದ. ನನ್ನ ಗಂಡ, ನಾನು, ಅತ್ತೆ, ಅಕ್ಕಪಕ್ಕದ ನಿವೇಶನಗಳ ನಾಲ್ಕು ಜನ ನಿಂತಿದ್ದೆವು. ಸೆಂಟ್ರಿಂಗಿನವನು ಕಂಬಗಳ ಜೊತೆ ಮೇಲಿನ ಸಾಲಿಗೆ ಹೋಗಿದ್ದ. ಆ ನಾಲ್ವರ ಮನೆಗಳೂ ಅವನ ಕೈಯಲ್ಲೇ ಇದ್ದವು. ಇದು ಅವನ ಕೆಲಸದ ದೋಷವೆಂದರೆ ನಾಳೆಯಿಂದ ಅವನನ್ನು ಯಾರೂ ಕರೆಯುತ್ತಿರಲಿಲ್ಲ.

"ಮಣ್ಣು ಆಮ್ಯಾಲಿನ ಮಾತು," ಎಂದ. "ಕಂಬ ಯಾರು ತೆಗಿಸಿದ್ರು?"

ನಾನು ಬಾಯಿ ತೆರೆಯಲು ಸಾಕಷ್ಟು ಹೊತ್ತು ಸಿಕ್ಕಿತ್ತು. ಇದನ್ನು ಮುಚ್ಚಿಡಲಾರೆ. ಎಲ್ಲರೂ ಕಾಯುತ್ತಿದ್ದರು, ನಾನು ನೆಲ ನೋಡುತ್ತಿದ್ದೆ.

"ನಾ ತೆಗಿಸೀನಿ," ಎಂದಳು ಅತ್ತೆ. "ಒಳಗ ಅಡ್ಯಾಡಾಕ ಇಕ್ಕಟ್ಟಾಗಿತ್ತು. ನೀ ಹೇಳೀದಿ ಅಂತ ಸುಳ್ಳು ಹೇಳಿ ತೆಗಿಸಿದೆ. ನಿನ್ನ ಕೆಲಸದಾಗ ಏನೂ ತಪ್ಪಿಲ್ಲಪ."

ಮೇಸ್ತ್ರಿ ಆಕೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದ. ಇಕ್ಕೀಸ್ ದಿನ ಎಂದು ಅವನು ಹೇಳಿದ್ದು ನನಗೆ. ಅವನಿಗೆ ತಿಳಿಯಿತು ಎಂದು ನನಗೂ ತಿಳಿಯಿತು. ಅವನು ಅಳತೆಯ ಟೇಪು ಬಿಚ್ಚಿದ. ಬಿರುಕಿನ ಕೆಳಗೆ ಒಂದು ತೊಲೆ, ಎರಡು ಕಂಬ ಕೊಟ್ಟರೆ ನಿಲ್ಲುತ್ತದೆ ಎಂದ.

ನನ್ನ ಗಂಡ ಸಿಟ್ಟಿನ ಮನುಷ್ಯರಲ್ಲ, ಅಂದು ಮಾತ್ರ ಮೈಮೇಲೆ ಬಂದವರಂತೆ ಕೂಗಾಡಿದರು. "ಮಣ್ಣಿನ ಮನ್ಯಾಗ ಇದ್ದಾಕಿಗೆ ಮಣ್ಣಿನ ಮನೀನ ಸರಿ. ಹೋಗು, ಮಲ್ಲಟಕ್ಕ ಹೋಗು," ಎಂದರು. ಅಷ್ಟು ಜನರ ಮುಂದೆ ಎಂದರು. ಆಕೆ ಸಣ್ಣ ಕೋಣೆಗೆ ಹೋಗಿ ಕಂಬಳಿ ಮಡಚಿದಳು.

ಬಸ್‌ಸ್ಟ್ಯಾಂಡಿಗೆ ನಾನು ಜೊತೆಗೆ ಹೋದೆ. ಮಾನ್ವಿಯ ಬಸ್ಸು ತಡವಾಗಿತ್ತು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ಮೇಸ್ತ್ರಿ ಹೊಟ್ಟಿ ಮ್ಯಾಲ ಹೊಡೀಬಾರದು. ನೀ ದಿನಾ ನನ್ನ ಮಗನ ಜೋಡಿ ಬಾಳ್ವೆ ಮಾಡಾಕಿ, ನಿನ್ನ ಹೆಸರು ಹ್ಯಾಂಗ ಹೇಳಲಿ? ನಾ ಹೆತ್ತಾಕಿ. ತಾಯಿ ಮ್ಯಾಲಿನ ಸಿಟ್ಟು ಎಂಟು ದಿನ ಇರತದ."

ನನಗೆ ಅಳು ಬಂತು. ಇವತ್ತೇ ರಾತ್ರಿ ಅವರಿಗೆ ನಿಜ ಹೇಳುತ್ತೇನೆ, ಅವರೇ ಬಂದು ನಿಮ್ಮನ್ನು ಕರೆದುಕೊಂಡು ಬರುತ್ತಾರೆ ಎಂದೆ. ಆಣೆ ಮಾಡಿ ಹೇಳಿದೆ. ಆಕೆ ನನ್ನ ಕೆನ್ನೆ ಸವರಿ ಬಸ್ಸು ಹತ್ತಿದಳು.

ಸಂಜೆ ನನ್ನ ಗಂಡ ಮೇಸ್ತ್ರಿಯ ತೊಲೆಯ ಲೆಕ್ಕ ಕೇಳಿ ಸಮಾಧಾನವಾಗಿ ಬಂದರು. ಬಡಿಸುತ್ತ, ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಗೃಹಪ್ರವೇಶವಾಯಿತು, ಆಕೆಯನ್ನು ಇವರು ಕರೆಯಲಿಲ್ಲ. ಬಂದವರಿಗೆಲ್ಲ ಪಡಸಾಲೆಯ ತೊಲೆ ತೋರಿಸಿ ಮಣ್ಣಿನ ಕಥೆ ಹೇಳಿ ನಗಿಸಿದರು. ಚಹಾ ಕೊಡುತ್ತ ನಾನೂ ನಕ್ಕೆ.

ಶ್ರಾವಣದಲ್ಲಿ ನಾನೊಬ್ಬಳೇ ಮಲ್ಲಟಕ್ಕೆ ಹೋದೆ. ಅತ್ತೆ ಮೈದುನನ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಮಗನೂ ಬಂದಿದ್ದಾನೇನೋ ಎಂದು ನನ್ನ ಬೆನ್ನ ಹಿಂದೆ ಬೀದಿಯ ಕಡೆ ನೋಡಿದಳು. ಯಾರೂ ಬರದಿದ್ದಾಗ ಮೆಲ್ಲಗೆ ಕೇಳಿದಳು:

"ಅವಗ ಹೇಳಿದೇನು?"

ಆಣೆ ಮಾಡಿದವಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಹೇಳೀನ್ರಿ," ಎಂದೆ.

ಆಕೆಯ ಕೈಯ ಮೊರ ನಿಂತಿತು. ಮಗನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ಕರೆಯಲು ಬಂದಿಲ್ಲ ಎಂದು ಆಕೆ ತಿಳಿದುಕೊಂಡದ್ದನ್ನು ನಾನು ಎದುರಿಗೇ ಕೂತು ನೋಡಿದೆ. ಆಗಲಾದರೂ ನಿಜ ಹೇಳಬಹುದಿತ್ತು.

"ಇರಲಿ ಬಿಡು," ಎಂದಳು ಮೊರ ಬದಿಗಿಟ್ಟು. "ಏಳು, ಊಟ ಮಾಡು."

ನಾನು ಎದ್ದು ಊಟ ಮಾಡಿದೆ.