ಇಬ್ಬರೂ ಬಿದ್ದ ಕುಸ್ತಿ

ಕಾಡಪ್ಪನವರ ಭೇಟಿ ಮಾಡಿಸಿದವರು ಜಯಶೀಲರು. ೧೯೮೮ರಲ್ಲಿ ಅವರು ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಕಾರ್ಖಾನೆಗಳಲ್ಲಿ ದುಡಿದ ಕನ್ನಡಿಗರ ನೆನಪುಗಳನ್ನು ನಾನು ಧ್ವನಿಮುದ್ರಿಸುತ್ತಿರುವುದನ್ನು ತಿಳಿದು, "ಒಬ್ಬ ಪೈಲ್ವಾನ ಇದ್ದಾನೆ. ಆದರೆ ಕುಸ್ತಿ ಅಂತ ಬಾಯಿ ಬಿಡಬೇಡಿ, ಊರಿನ ವಿಷಯ ಅಂತ ಹೇಳಿ," ಎಂದರು. ಎರಡು ಸಲ ಹೇಳಿಕಳಿಸಿದ ಮೇಲೆ ಕಾಡಪ್ಪನವರು ಒಪ್ಪಿದರು. ಕುಸ್ತಿಯ ವಿಷಯವನ್ನೇ ಹೇಳುವುದಾಗಿಯೂ, ಜಯಶೀಲರು ಎದುರಿಗೆ ಇರಬೇಕೆಂದೂ ಅವರೇ ತಿಳಿಸಿದರು. "ನಾ ಒಬ್ಬನ ಹೇಳಿದ್ರ ಯಾರೂ ನಂಬಂಗಿಲ್ರಿ."

ಒಂದು ಭಾನುವಾರ ಅವರ ಚಾಳಿನ ಕೋಣೆಯಲ್ಲಿ ಕುಳಿತೆವು.

ಕಾಡಪ್ಪನವರು ಅಥಣಿ ಕಡೆಯವರು. ೧೯೭೧ರಲ್ಲಿ ಡೊಂಬಿವಲಿಯ ಬಣ್ಣದ ಕಾರ್ಖಾನೆಯೊಂದಕ್ಕೆ ಸೇರಿದರು. ಪಾಳಿ ಮುಗಿದೊಡನೆ ಲೋಕಲ್ ಹಿಡಿದು ಕಲ್ಯಾಣದ ತಾಲೀಮಿಗೆ, ಅಂದರೆ ಗರಡಿಮನೆಗೆ, ಹೋಗುತ್ತಿದ್ದರು. ಅಲ್ಲಿ ಕುಸ್ತಿ ಕಲಿಸುತ್ತಿದ್ದವರು ಅವರದೇ ಸೀಮೆಯ ಬಾಳಪ್ಪ ವಸ್ತಾದರು. ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿದ ಅಖಾಡದ ಕೆಂಪು ಮಣ್ಣನ್ನು ಹಣೆಗೆ ಹಚ್ಚದೆ ಯಾರೂ ಒಳಗೆ ಇಳಿಯುವಂತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಾಡಪ್ಪನವರ ದಮ್ಮು ಕುಂದಿತು; ಮಣ್ಣಿನಲ್ಲಿ ಗೆಲ್ಲುವುದು ಕಷ್ಟವಾಯಿತು. ೧೯೭೭ರಲ್ಲಿ ಠಾಣೆಯ ಫ್ರೀಸ್ಟೈಲ್ ಕುಸ್ತಿಯ ತಂಡವೊಂದಕ್ಕೆ ಸೇರಿದರು. ಅಲ್ಲಿ ಸೋಲು ಗೆಲುವು ಮೊದಲೇ ನಿಶ್ಚಿತ. ಅವರಿಗೆ ಕಪ್ಪು ಮುಖವಾಡ ಮತ್ತು ಸೋಲು ಕೊಟ್ಟರು.

ಸುದ್ದಿ ತಿಳಿದ ವಸ್ತಾದರು ಅವರನ್ನು ತಾಲೀಮಿನ ಬಾಗಿಲಲ್ಲೇ ತಡೆದರು. "ಬೇಕಂತ ಬೀಳಾವನ ಹಣಿಗೆ ಈ ಮಣ್ಣ ಇಲ್ಲ. ಒಮ್ಮೆರ ನನ್ನ ಕಣ್ಣಮುಂದ ಗೆದ್ದ ತೋರಸು, ಆಮ್ಯಾಲ ಬಾ."

ತಂಡದ ಯಜಮಾನ ಮರಾಠಿಯವನು. ಪ್ರತಿ ಆಟಕ್ಕೆ ಮುನ್ನ ಅವನು ಕಿವಿಯಲ್ಲಿ ಒಂದೇ ಮಾತು ಉಸುರುತ್ತಿದ್ದ: ಬೀಳಬೇಕಾದವನಿಗೆ 'ಪಡಾಯ್ಚಂ', ಬೀಳಿಸಬೇಕಾದವನಿಗೆ 'ಪಾಡಾಯ್ಚಂ'. ಎರಡಕ್ಕೂ ಒಂದು ದೀರ್ಘದಷ್ಟೇ ವ್ಯತ್ಯಾಸ. ಒಂದು ಗೆಲುವು ಕೊಡಿಸೆಂದು ಕಾಡಪ್ಪನವರು ಬೇಡಿಕೊಂಡಾಗ, ನೋಡೋಣ ಎಂದಷ್ಟೇ ಹೇಳಿದ್ದ.

೧೯೭೯ರ ಫೆಬ್ರವರಿಯಲ್ಲಿ ಕಲ್ಯಾಣದ ಮೈದಾನದಲ್ಲಿ ಆಟ ನಡೆಯಿತು. ಎದುರಾಳಿ, ಆಗ ಅದೇ ತಂಡದಲ್ಲಿದ್ದ ಜಯಶೀಲರು. ಬಾಳಪ್ಪ ವಸ್ತಾದರು ಮೊದಲ ಸಾಲಿನಲ್ಲಿ ಕುಳಿತಿದ್ದರು. ಧ್ವನಿವರ್ಧಕ ಅರಚುತ್ತಿದ್ದಾಗ ಯಜಮಾನ ಬಂದು ಕಿವಿಯಲ್ಲಿ ಆ ಒಂದು ಮಾತು ಹೇಳಿ ಹೋದ.

"ಎರಡ ವರ್ಷ ಬೀಳು ಅನ್ನೋದನ್ನ ಕೇಳಿದ ಕಿವಿರಿ," ಎಂದರು ಕಾಡಪ್ಪನವರು. "ಅವತ್ತೂ ಅದ ಕೇಳಿಸ್ತು."

ಇಬ್ಬರೂ ಕೈ ಬೆಸೆದರು. ಅವನು ಎಸೆಯಲಿ ಎಂದು ಇವನು, ಇವನು ಎಸೆಯಲಿ ಎಂದು ಅವನು ಕಾದರು. ಕೊನೆಗೆ ಇಬ್ಬರೂ ಒಟ್ಟಿಗೇ ಅಂಗಾತ ಬಿದ್ದರು.

"ನಾನು ಪಕ್ಕಕ್ಕೆ ನೋಡ್ತೇನೆ, ಇವನೂ ಮಲಗಿದ್ದಾನೆ," ಎಂದರು ಜಯಶೀಲರು. "'ಎಂತ ಮಾರಾಯ, ಇವತ್ತು ಬೀಳುವುದು ನಾನಲ್ವಾ?' ಅಂತ ಕೇಳಿದೆ."

"ನಾ ಅಂದೆ, 'ಸುಮ್ನಿರೋ, ನನಗ ಬೀಳಂದಾರ.'"

"ಗಾದಿ ಮ್ಯಾಲ ಗಂಡ ಹೆಂಡತಿ ಮಲಗಿದಂಗ ಇದ್ರು," ಎಂದು ಒಲೆಯ ಬಳಿಯಿಂದ ಪತ್ನಿ ರುದ್ರವ್ವ ಹೇಳಿದರು. "ಮಂದಿ ಚಪ್ಪಲಿ ಒಗದು ನಕ್ರು. ಅಲ್ಲಾ, ಗೆದ್ದಿದ್ರೂ ಅದೇನ ಖರೇ ಗೆಲುವ?"

ಅಂದು ತಮ್ಮ ತಪ್ಪು ಅರಿವಾಗಿ ಎದ್ದು ನಿಂತಾಗ, ಮೊದಲ ಸಾಲಿನ ವಸ್ತಾದರ ಕುರ್ಚಿ ಖಾಲಿಯಾಗಿತ್ತು ಎಂದರು ಕಾಡಪ್ಪನವರು.

ಮರುದಿನ ತಾಲೀಮಿಗೆ ಹೋಗಿ, ಶಬ್ದ ತಪ್ಪಿ ಕೇಳಿಸಿತೆಂದು ವಿವರಿಸಿದರು. ಯಜಮಾನ ಹೇಳಿದ ಎರಡೂ ಮಾತುಗಳನ್ನು ಉಚ್ಚರಿಸಿ ತೋರಿಸಿದರು.

"ಯಾವ ಶಬ್ದ ಅಂತ ನಾ ಕೇಳಂಗಿಲ್ಲ," ಎಂದರು ವಸ್ತಾದರು. "ಶಬ್ದ ಕೇಳಿ ಬಿದ್ದಿ. ಸಾಕು."

ಯಜಮಾನ ಆ ವಾರವೇ ಅವರನ್ನು ತಂಡದಿಂದ ತೆಗೆದುಹಾಕಿದ. ವಸ್ತಾದರು ೧೯೮೪ರಲ್ಲಿ ತೀರಿಕೊಂಡರು. ಶವವನ್ನು ಅಖಾಡದಲ್ಲಿ ಇಟ್ಟಿದ್ದರು, ಕಾಡಪ್ಪನವರು ಹೊರಗಿನ ಕಟ್ಟೆಯ ಬಳಿ ನಿಂತಿದ್ದರು. ಒಳಗೆ ಹೋಗಬಹುದಿತ್ತಲ್ಲ, ತಡೆಯುವವರು ಯಾರಿದ್ದರು ಎಂದು ಕೇಳಿದೆ.

"ತಡ್ಯಾವರು ಇಲ್ಲ ಅಂದ್ರ," ಎಂದು ಅವರು ಉಸಿರಿಗಾಗಿ ನಿಂತರು, "ಬಾ ಅನ್ನಾವರೂ ಇಲ್ಲಲ್ರಿ."

ತಾಲೀಮಿನ ಕಟ್ಟಡವನ್ನು ಹೌಸಿಂಗ್ ಸೊಸೈಟಿಗಾಗಿ ೧೯೮೬ರ ಮಾರ್ಚ್ ೧೧ರಂದು ಕೆಡವಲಾಯಿತು; ಅಖಾಡದ ಮಣ್ಣನ್ನು ಅಂದೇ ಲಾರಿಯಲ್ಲಿ ಒಯ್ದು ಕಡಲ ಹಿನ್ನೀರಾದ ಖಾಡಿಯ ದಂಡೆಗೆ ಸುರಿದರು.