ಹಿಂಗೈಯಿಂದ ಮುಟ್ಟುತ್ತಿದ್ದವನು

ಅವನ ಕೈ ಯಾವ ವಸ್ತುವನ್ನೂ ಒಂದೇ ಸಲಕ್ಕೆ ಹಿಡಿಯುತ್ತಿರಲಿಲ್ಲ. ಮೊದಲು ಬೆರಳುಗಳ ಹಿಂಬದಿಯನ್ನು ತಾಗಿಸಿ, ಒಂದು ಕ್ಷಣ ತಡೆದು, ಆಮೇಲೆ ಅಂಗೈಗೆ ತೆಗೆದುಕೊಳ್ಳುತ್ತಿದ್ದ. ಕ್ಲಾಸಿನ ಬಾಗಿಲ ಚಿಲಕ, ನನ್ನ ಕಂಪಾಸು ಪೆಟ್ಟಿಗೆ, ಸೈಕಲ್ಲಿನ ಹ್ಯಾಂಡಲ್ಲು, ಏನಾದರೂ ಸರಿ. ಇದೇನಪ್ಪ ಇವನ ಚಾಳಿ ಎಂದು ಅವನ ಕೈಯನ್ನೇ ನೋಡುತ್ತ ಕೂತು ಮೇಷ್ಟ್ರಿಂದ ಎಷ್ಟು ಸಲ ಬೈಸಿಕೊಂಡಿದ್ದೇನೋ.

ಐವತ್ತರ ದಶಕದ ಕೊನೆ ಅದು. ನಾನು ಶಿವಮೊಗ್ಗ ಕೋಟೆಯ ಜವಳಿ ಅಂಗಡಿಯವರ ಮಗ. ಹಣೆ ತುಂಬ ವಿಭೂತಿ, ಬಾಯಿ ತೆರೆದರೆ ತೊದಲು. ಅವನು ಭದ್ರಾವತಿಯ ಕಮ್ಮಾರರ ಮಗ, ಮನೆಮಾತು ತಮಿಳು. ಇಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಬರುತ್ತಿದ್ದ. ನನ್ನ ಮಾತು ಸಿಕ್ಕಿಕೊಂಡಾಗ ಇಡೀ ಕ್ಲಾಸು ನಗುತ್ತಿತ್ತು, ಅವನೊಬ್ಬ ಸುಮ್ಮನೆ ಕಾಯುತ್ತಿದ್ದ. ನನ್ನ ಮಾತನ್ನು ತಾನು ಮುಗಿಸಿಕೊಡಲೂ ಹೋಗುತ್ತಿರಲಿಲ್ಲ. "ಅವಸರ ಏನಿಲ್ಲ ಮಾರಾಯ, ಹೇಳು," ಅನ್ನುತ್ತಿದ್ದ. ಅಂಥ ಗೆಳೆಯ ನನಗೆ ಇನ್ನೊಬ್ಬ ಇರಲಿಲ್ಲ.

ಒಂದು ದಿನ ಅವನನ್ನು ಮನೆಗೆ ಕರೆದೆ. ಬೇರೆ ಜಾತಿಯವರಿಗೆಂದೇ ನಮ್ಮಜ್ಜಿ ಜಗಲಿಯ ಗೂಡಿನಲ್ಲಿ ಒಂದು ಲೋಟ ಇಟ್ಟಿದ್ದಳು. ನಾನು ಮುನಿಸಿಕೊಂಡು ಎರಡು ಹೊತ್ತು ಊಟ ಬಿಟ್ಟಿದ್ದಕ್ಕೆ, ಅವತ್ತು ಒಳಗಿನ ಹಿತ್ತಾಳೆ ಲೋಟದಲ್ಲೇ ನೀರು ತಂದು ಬೆಲ್ಲದ ಜೊತೆ ಕೊಟ್ಟಳು. ಅವಳ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ. ಇವನೋ, ಆ ಲೋಟಕ್ಕೂ ಹಿಂಗೈ ತಾಗಿಸಿ ತಡೆದ.

ಅಜ್ಜಿಯ ಮುಖ ಕಪ್ಪಿಟ್ಟಿತು. ಅವನು ಹೋದ ಮೇಲೆ, "ನಾನೇ ಎಲ್ಲ ಬಿಟ್ಟು ಕೊಟ್ರೆ, ಅವನಿಗೆ ನಮ್ಮ ಲೋಟ ಮುಟ್ಟೋಕೆ ಅಸಹ್ಯವಾ?" ಅಂದಳು. ಅವನು ಎಲ್ಲವನ್ನೂ ಹಾಗೇ ಮುಟ್ಟುತ್ತಾನೆ ಎಂದು ತೊದಲಿದೆ. "ಹಾಗಾದ್ರೆ ಯಾಕಂತ ಕೇಳ್ಕೊಂಡು ಬಾ. ಅಲ್ಲಿತನಕ ಅವನು ಈ ಹೊಸ್ತಿಲು ತುಳಿಯೋದು ಬೇಡ, ನೀನೂ ಅವನ ಜೊತೆ ಸೇರೋದು ಬೇಡ."

ಶನಿವಾರ ಸ್ಕೂಲು ಬಿಟ್ಟ ಕೂಡಲೇ ಅವನನ್ನು ತಡೆದು ನಿಲ್ಲಿಸಿದೆ. ಆ ಹಾಳು "ಯಾಕೆ" ಹೊರಡಲೇ ಇಲ್ಲ. ಅವನು ಎಂದಿನಂತೆ ಕಾದ. ಕೊನೆಗೂ ಕೇಳಿದಾಗ, "ಊರಿಗೆ ಬಾ, ತೋರಿಸ್ತೀನಿ," ಅಂದ. ರೈಲು ಹತ್ತಿದೆವು.

ಅವನ ಅಪ್ಪ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದರು. "ಉಕ್ಕಾರು ತಂಬಿ," ಎಂದು ಮಣೆ ತೋರಿಸಿದರು. ಆ ಕೈ ನೋಡಿದೆ. ಅಂಗೈ ಒಂದು ಗೆರೆಯೂ ಇಲ್ಲದೆ ನುಣ್ಣಗೆ ಹೊಳೆಯುತ್ತಿತ್ತು, ಎರಡು ಬೆರಳು ಮಡಚುತ್ತಿರಲಿಲ್ಲ. ಗೆಳೆಯ ನೆಲದ ಮೇಲಿದ್ದ ಮೂರು ಕಬ್ಬಿಣದ ಪಟ್ಟಿ ತೋರಿಸಿ, "ಬಿಸಿ ಯಾವುದು ಹೇಳು," ಅಂದ. ಮೂರೂ ಕರ್ರಗಿದ್ದವು. ನನಗೆ ತಿಳಿಯಲಿಲ್ಲ. ಅವನು ನೀರು ಚಿಮುಕಿಸಿದ. ಮಧ್ಯದ್ದು ಚುಂಯ್ ಅಂತು.

"ಕೆಂಪಗಿದ್ರೆ ಯಾರೂ ಮುಟ್ಟಲ್ಲ ಮಾರಾಯ. ಕಪ್ಪಾದಾಗ ಆರಿದೆ ಅಂದ್ಕೊಂಡು ಹಿಡಿದುಬಿಡ್ತಾರೆ. ಅಪ್ಪ ಚಿಕ್ಕವರಿದ್ದಾಗ ಹಾಗೇ ಹಿಡಿದಿದ್ದು. ಹಿಂಗೈ ಸುಟ್ರೂ ಸುತ್ತಿಗೆ ಹಿಡಿಯಬಹುದು, ಅಂಗೈ ಸುಟ್ರೆ ಆಗಲ್ಲ. ಅದಕ್ಕೇ ಅಮ್ಮ ನಮಗೆಲ್ಲ ಅಂಬೆಗಾಲಿಡೋವಾಗಿಂದ ಹೀಗೆ ಕಲಿಸಿದ್ದು."

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ. ಅವಳು ಬತ್ತಿ ಹೊಸೆಯುತ್ತಲೇ ಇದ್ದಳು. ಎರಡು ದಿನ ಬಿಟ್ಟು, "ಕರ್ಕೊಂಡು ಬಾ ಅವನನ್ನ," ಅಂದಳು. ಅವನು ಬಂದಾಗ ಅದೇ ಲೋಟ ತಂದಳು. ತನ್ನ ಹಿಂಗೈಯನ್ನು ಅದಕ್ಕೆ ತಾಗಿಸಿ, ತಡೆದು, "ತಣ್ಣಗಿದೆ ಮಗಾ, ಹಿಡ್ಕೊ," ಎಂದು ಚಾಚಿದಳು. ಅವನು ಅವಳ ಮುಖ ನೋಡಿದ. ಆಮೇಲೆ ನೇರವಾಗಿ ಎರಡೂ ಅಂಗೈಯಲ್ಲಿ ಲೋಟ ಹಿಡಿದ. ಹಾಗೆ ಹಿಡಿದದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ.

ಮುಂದೆ ನನ್ನ ತೊದಲು ಬಹುಪಾಲು ಹೋಯಿತು. ಅವನು ಕಾದದ್ದರಿಂದಲೇ ಹೋಯಿತೆಂದು ನನ್ನ ನಂಬಿಕೆ. ಅವನು ತೀರಿಕೊಂಡ ದಿನ ಭದ್ರಾವತಿಗೆ ಹೋದೆ. ಅವನ ಮಗಳು, "ಏನಾದ್ರೂ ಮಾತಾಡಿ ಮಾಮ," ಅಂದಳು. ಹಳೇ ತೊದಲು ಗಂಟಲಿಗೆ ಬಂದು ಕೂತಿತ್ತು. ಬಾಗಿ ಅವನ ಹಣೆಗೆ ಹಿಂಗೈ ತಾಗಿಸಿದೆ. ತಣ್ಣಗಿತ್ತು. ಆಮೇಲೆ ಅಂಗೈ ಇಟ್ಟೆ, ಬಹಳ ಹೊತ್ತು ತೆಗೆಯಲಿಲ್ಲ.